ನಡುಬೆರಳಿನ ಲೆಕ್ಕ: ಪೇಟಿ, ತಂಬೂರಿ ಮತ್ತು ಮೈನರ್ ಕಾರ್ಡ್

ಹುಬ್ಬಳ್ಳಿ-ಧಾರವಾಡದ ಕಡೆ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ ಹಿಡಿಯುವುದನ್ನು ಕಲಿಯಲು ಕೂರುವವರಲ್ಲಿ ಬಹಳ ಮಂದಿ ಮೊದಲು ಪೇಟಿ (ಹಾರ್ಮೋನಿಯಂ) ಹಿಡಿದವರೇ. ಅಲಂಕಾರ ಮುಗಿದಿರುತ್ತದೆ, ಭೂಪ, ಕಾಫಿ, ಭೀಮಪಲಾಸಗಳ ಒಂದೆರಡು ಬಂದಿಶ್ ಕೈಗೆ ಹತ್ತಿರುತ್ತವೆ. ಭಾವಗೀತೆಗೋ ವಚನಕ್ಕೋ ಸಾಥ್‌ಗೆ ಕೂತಾಗ ಪಕ್ಕದ ಗಿಟಾರಿನವ ‘ಎ ಮೈನರ್ ಹಿಡೀರಿ’ ಅನ್ನುತ್ತಾನೆ. ಇವರಿಗೆ ಗೊತ್ತಿರುವುದು ಬಿಳಿ ಆರು, ಅಂದರೆ ಸಾಲಿನ ಆರನೆಯ ಬಿಳಿ ಮನೆ; ಗಿಟಾರಿನವನ ‘ಎ’ ಅದೇ. ಇಬ್ಬರ ನಡುವೆ ಬಗೆಹರಿಯಬೇಕಾದದ್ದು ಗಂಧಾರದ, ಅಂದರೆ ಗ ಸ್ವರದ, ಜಾಗ ಒಂದೇ. ನಾವು ಕಲಿಸುವಾಗ, ನುಡಿಸಿ ನೋಡುವಾಗ ಯಾವ ಕ್ರಮದಲ್ಲಿ ಹೋಗುತ್ತೇವೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇವೆ.

ಬಿಳಿ ಒಂದನ್ನು ಸಾ ಮಾಡಿಕೊಂಡು ಹೆಬ್ಬೆರಳು ಸಾ ಮೇಲೆ, ನಡುಬೆರಳು ಶುದ್ಧ ಗ ಮೇಲೆ, ಕಿರುಬೆರಳು ಪ ಮೇಲೆ ಇಡಬೇಕು. ಮೂರನ್ನೂ ಒಟ್ಟಿಗೆ ಒತ್ತಿದರೆ ಸಿ ಮೇಜರ್. ಈಗ ಆಚೀಚೆಯ ಬೆರಳು ಅಲುಗಿಸದೆ ನಡುಬೆರಳನ್ನಷ್ಟೇ ಎಡಕ್ಕಿರುವ ಕಪ್ಪು ಮನೆಗೆ ಸರಿಸಿದರೆ ಸಿ ಮೈನರ್: ಸಾ, ಕೋಮಲ ಗ, ಪ. ಬದಲಾದದ್ದು ಒಂದು ಬೆರಳು, ಒಂದು ಮನೆ. ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ ಮೇಜರ್‌ನಲ್ಲಿ ಸಾದಿಂದ ಗಕ್ಕೆ ನಾಲ್ಕು ಹೆಜ್ಜೆ, ಗದಿಂದ ಪಕ್ಕೆ ಮೂರು. ಮೈನರ್‌ನಲ್ಲಿ ಮೊದಲು ಮೂರು, ಆಮೇಲೆ ನಾಲ್ಕು. ಒಟ್ಟು ಎರಡರಲ್ಲೂ ಏಳೇ, ಹಾಗಾಗಿ ಪಂಚಮ ಜಾಗ ಬಿಡುವುದಿಲ್ಲ.

ಎಣಿಕೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಸಾ ಮನೆಯನ್ನೇ ‘ಒಂದು’ ಎಂದು ಎಣಿಸಿಬಿಡುತ್ತಾರೆ. ಆಗ ‘ಮೂರು’ ಎಂದಾಗ ಬೆರಳು ಶುದ್ಧ ರೇ ಮೇಲೆ ಬಂದಿರುತ್ತದೆ. ಸಾ-ರೇ-ಪ ಒತ್ತಿದರೆ ಕೆಟ್ಟದ್ದೇನೂ ಕೇಳಿಸುವುದಿಲ್ಲ, ಅದೇ ತೊಂದರೆ. ಅದು ಸಸ್ ಟೂ ಎಂಬ ಬೇರೆಯೇ ಕಾರ್ಡ್, ಮೇಜರೂ ಅಲ್ಲ ಮೈನರೂ ಅಲ್ಲ. ಕೇಳಲು ಹಿತವಾಗಿರುವುದರಿಂದ ತಪ್ಪು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಸಾ ಮನೆಗೆ ಸೊನ್ನೆ ಎನ್ನಬೇಕು. ಸೊನ್ನೆ, ಮೂರು, ಏಳು.

ಹನ್ನೆರಡು ಮನೆಗಳಿಂದ ಹನ್ನೆರಡು ಮೈನರ್ ಬರುತ್ತವೆ. ಪ್ರತಿ ಸಲ ಎಣಿಸುತ್ತ ಕೂತರೆ ಹಾಡು ಮುಂದೆ ಹೋಗಿರುತ್ತದೆ, ಆದ್ದರಿಂದ ಬಣ್ಣದ ಮೇಲೆ ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಬಿಳಿ ಎರಡು, ಮೂರು, ಆರು, ಅಂದರೆ ಡಿ, ಇ, ಎ: ಮೂರೂ ಬೆರಳು ಬಿಳಿಯ ಮೇಲೆ. ಬಿಳಿ ಒಂದು, ನಾಲ್ಕು, ಐದು: ನಡುಬೆರಳು ಮಾತ್ರ ಕಪ್ಪು. ಕಪ್ಪು ಒಂದು, ಮೂರು, ನಾಲ್ಕು: ಇದರ ತಿರುವು, ಆಚೀಚೆ ಕಪ್ಪು, ನಡುವೆ ಬಿಳಿ. ಉಳಿದ ಮೂರು ಒಂಟಿಗಳು. ಕಪ್ಪು ಎರಡರಲ್ಲಿ ಮೂರೂ ಕಪ್ಪು, ಕಪ್ಪು ಐದರಲ್ಲಿ ಕಪ್ಪು-ಕಪ್ಪು-ಬಿಳಿ, ಬಿಳಿ ಏಳರಲ್ಲಿ ಬಿಳಿ-ಬಿಳಿ-ಕಪ್ಪು. ನಮ್ಮಲ್ಲಿ ಗಂಡಸರ ಪಟ್ಟಿ (ಹಾಡಲು ಸಾ ಮಾಡಿಕೊಳ್ಳುವ ಮನೆ) ಹೆಚ್ಚಾಗಿ ಕಪ್ಪು ಒಂದು, ಎರಡರ ಆಸುಪಾಸು, ಹೆಂಗಸರದು ಕಪ್ಪು ನಾಲ್ಕು, ಐದರ ಆಸುಪಾಸು ಇರುವುದರಿಂದ ಈ ನಾಲ್ಕು ಮೊದಲು ಕೈಗೆ ಕೂರಬೇಕು. ಇಂಗ್ಲಿಷ್ ಪುಸ್ತಕ ನೋಡಿ ಸಿ ಮೈನರ್, ಎ ಮೈನರ್‌ನಿಂದಲೇ ಹೊರಟವರು ಗಾಯಕರ ಎದುರು ಕೂತಾಗ ಒದ್ದಾಡುವುದು ಇದಕ್ಕೇ.

ಇಷ್ಟು ಒಂದು ವಾರದ ಕೆಲಸ. ತೊಡಕು ಶುರುವಾಗುವುದು ತಂಬೂರಿ ಹಚ್ಚಿದ ಮೇಲೆ.

ಬಿಳಿ ಆರನ್ನು ಸಾ ಮಾಡಿ ತಂಬೂರಿ ಕೂಡಿಸೋಣ. ಲೆಕ್ಕಕ್ಕೆ ಸುಲಭ, ಸಾ 220 ಹರ್ಟ್ಸ್. ತಂಬೂರಿ ಸರಿಯಾಗಿ ಕೂಡಿದರೆ ಯಾರೂ ಮೀಟದ ಒಂದು ಗಂಧಾರ ಅದರೊಳಗಿಂದ ಎದ್ದು ಕೇಳಿಸುತ್ತದೆ. ಇದನ್ನು ಹಾಡುವವರೆಲ್ಲ ಬಲ್ಲರು. ತಂತಿಯ ಮೂಲ ಸ್ವರದ ಜೊತೆಗೇ ಅದರ ಪಟ್ಟುಗಳಲ್ಲಿ ಏಳುವ ಸಣ್ಣ ಸ್ವರಗಳಿಗೆ ಉಪಸ್ವರ ಎನ್ನುತ್ತಾರೆ. ಸಾ ತಂತಿಯ ಐದನೆಯ ಉಪಸ್ವರ ಅದು: 220ರ ಐದು ಪಟ್ಟು, 1100. ಎರಡು ಸಪ್ತಕ ಮೇಲಿನ ಶುದ್ಧ ಗಂಧಾರ. ಈಗ ಪೇಟಿಯಲ್ಲಿ ಎ ಮೈನರ್ ಹಿಡಿಯಿರಿ. ಅದರ ಕೋಮಲ ಗ 261.6 ಹರ್ಟ್ಸ್, ಅದರ ನಾಲ್ಕನೆಯ ಉಪಸ್ವರ 1046.5. ತಂಬೂರಿ 1100 ಅನ್ನುತ್ತಿದೆ, ಪೇಟಿ 1046.5 ಅನ್ನುತ್ತಿದೆ. ನಡುವೆ ಅರ್ಧ ಸ್ವರಕ್ಕೂ, ಅಂದರೆ ಪೇಟಿಯ ಒಂದು ಹೆಜ್ಜೆಗೂ, ತುಸು ಕಡಿಮೆ ಅಂತರ. ಶುದ್ಧ ಗ, ಕೋಮಲ ಗ ಒಟ್ಟಿಗೆ ಒತ್ತಿದಾಗ ಆಗುವ ತಿಕ್ಕಾಟವೇ ಮೇಲಿನ ಸಪ್ತಕದಲ್ಲಿ ಸಣ್ಣ ದನಿಯಲ್ಲಿ ನಡೆಯುತ್ತಿರುತ್ತದೆ. ‘ಮೈನರ್ ಹಿಡಿದ್ರ ಹಿಂದ ಏನೋ ಮಬ್ಬು ಮಬ್ಬು ಕೇಳ್ತದ’ ಅನ್ನುವ ದೂರಿಗೆ ಅರ್ಧ ಕಾರಣ ಇದು. ಪಿಯಾನೋ, ಗಿಟಾರ್‌ಗಳ ಸಂಗೀತದಲ್ಲಿ ಹಿಂದೆ ತಂಬೂರಿ ಇರುವುದಿಲ್ಲ, ಆದ್ದರಿಂದ ಅಲ್ಲಿನ ಪಾಠಗಳಲ್ಲಿ ಈ ಮಾತು ಬರುವುದೇ ಇಲ್ಲ.

ಉಳಿದರ್ಧ ಕಾರಣ ಪೇಟಿಯ ಶ್ರುತಿ. ಬಾಯಿಂದ ಹಾಡುವ, ಸಾ ಜೊತೆ ಹದವಾಗಿ ಕೂಡುವ ಕೋಮಲ ಗ ಸಾಕ್ಕೆ 6:5 ಪ್ರಮಾಣದಲ್ಲಿರುತ್ತದೆ. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಎಂದು ಹಿಡಿದರೆ ಅದು ಸುಮಾರು 316 ಸೆಂಟ್ ಎತ್ತರ. ಪೇಟಿ, ಕೀಬೋರ್ಡ್, ಗಿಟಾರ್‌ಗಳ ಕೋಮಲ ಗ 300 ಸೆಂಟ್. 16 ಸೆಂಟ್ ಇಳಿದಿದೆ. ಕೇಳಿಸಿಕೊಳ್ಳಲು ಕಷ್ಟವಿಲ್ಲ: 220ರ ಆರನೆಯ ಉಪಸ್ವರ 1320, ಪೇಟಿಯ ಕೋಮಲ ಗದ ಐದನೆಯ ಉಪಸ್ವರ 1308. ಎರಡೂ ಒಂದೇ ಆಗಬೇಕಿತ್ತು, ಆಗದೆ ಸೆಕೆಂಡಿಗೆ ಸುಮಾರು 12 ಸಲ ಕಂಪಿಸುತ್ತವೆ. ಶುದ್ಧ ಗಂಧಾರದ್ದು ಇದರ ತಿರುವು. ಕಿವಿ ಬಯಸುವುದು 386 ಸೆಂಟ್, ಪೇಟಿಯಲ್ಲಿರುವುದು 400. ಹಾಗಾಗಿ ಮೇಜರ್ ಹಿಡಿದಾಗ ಪೇಟಿ ಗಾಯಕರ ಗಂಧಾರವನ್ನು ಮೇಲಕ್ಕೆ ದಬ್ಬುತ್ತದೆ, ಮೈನರ್ ಹಿಡಿದಾಗ ಕೆಳಕ್ಕೆ ಎಳೆಯುತ್ತದೆ. ‘ಪೇಟಿ ನನ್ನ ಕೆಳಗ ಎಳೀತದ್ರೀ ಮಾಸ್ತರ’ ಎಂದು ಗಾಯಕಿ ಹೇಳಿದರೆ ಅದು ನೆಪವಲ್ಲ, 16 ಸೆಂಟಿನ ಲೆಕ್ಕ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿ ಸರಿಯಿಲ್ಲ ಎಂಬುದೇ ಆಗಿನ ತಕರಾರು. ಪೇಟಿಯನ್ನೇ ಬದುಕು ಮಾಡಿಕೊಂಡ ಈ ನಾಡಿನಲ್ಲಿ ಆ ಮಾತು ಯಾರಿಗೂ ರುಚಿಸಲಿಕ್ಕಿಲ್ಲ, ಆದರೆ ಕಾರ್ಡ್ ಹಿಡಿದಾಗಲೇ ಅದರ ಹುರುಳು ಚೆನ್ನಾಗಿ ಕೇಳಿಸುವುದು.

‘ಹಂಗಾದ್ರ ಪೇಟಿ ಶ್ರುತಿಗೆ ಟ್ಯೂನ್ ಮಾಡಿಸಿದ್ರಾತಲ್ಲ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ರೀಡ್ (ದನಿ ಕೊಡುವ ಲೋಹದ ನಾಲಗೆ) ಕೆರೆದು ಒಂದು ಸಾಕ್ಕೆ ಸರಿಯಾಗಿ ಕೂಡಿಸುವವರಿದ್ದಾರೆ. ಸಾದಿಂದ ಹಿಡಿದ ಮೈನರ್ ಆಗ ಬಹಳ ಸೊಗಸು. ಆದರೆ ಅದೇ ಪೇಟಿಯಲ್ಲಿ ರೇ ಮೈನರ್, ಅಂದರೆ ರೇ-ಮ-ಧ ಒತ್ತಿ ನೋಡಿ. ರೇ 9:8, ಧ 5:3 ಇಟ್ಟಿದ್ದರೆ ಅವೆರಡರ ನಡುವೆ 702 ಸೆಂಟ್ ಇರಬೇಕಾದ ಪಂಚಮದ ಅಂತರ 680ಕ್ಕೆ ಕುಸಿದಿರುತ್ತದೆ. ನಡುವಿನ ಮ ಕೂಡ 316ರ ಬದಲು 294ರಲ್ಲಿ. ಪೇಟಿ ಗುರ್ ಎನ್ನುತ್ತದೆ, ರೀಡ್ ಕೆಟ್ಟಿದೆ ಎಂದು ಬಿಚ್ಚಿಸುವವರೂ ಉಂಟು. ಒಂದು ಸಾಕ್ಕೆ ಕೂಡಿಸಿದ ಪೇಟಿ ರಾಗಕ್ಕೆ, ಸಮ ಅಂತರದ ಪೇಟಿ ಕಾರ್ಡ್‌ಗೆ. ಎರಡಕ್ಕೂ ಒಂದೇ ಪೇಟಿ ಇಟ್ಟುಕೊಂಡರೆ ಎರಡನೆಯದೇ ವಾಸಿ.

ಹಾಗಾದರೆ ನುಡಿಸುವಾಗ ಮಾಡಬೇಕಾದ್ದೇನು? ನಮ್ಮ ಅನುಭವದಲ್ಲಿ ಉತ್ತರ ಒಂದೇ: ಗಂಧಾರ ಗಾಯಕರದು, ಅವರಿಗೆ ಬಿಡಬೇಕು. ಕೋಮಲ ಗ ಮೇಲೆ ಅವರು ನಿಂತಾಗ ಪೇಟಿಯಲ್ಲಿ ಸಾ-ಪ ಮಾತ್ರ ಹಿಡಿಯಬೇಕು. ಪೇಟಿಯ ಸಾ-ಪ, ಕೊರಳಿನ ಗ ಸೇರಿ ಮೈನರ್ ತಾನಾಗಿ ಆಗುತ್ತದೆ, ಅದೂ 316ರ ಗಂಧಾರದೊಂದಿಗೆ. ಅವರು ಸಾ ಮೇಲೋ ಪ ಮೇಲೋ ನಿಂತಾಗ ನಾವು ಗ ಸೇರಿಸಬಹುದು. ಅದನ್ನೂ ಒತ್ತಿ ಹಿಡಿಯದೆ ಮುಟ್ಟಿ ಬಿಡಬೇಕು. ದರ್ಬಾರಿಯ ಗಂಧಾರ ಆಂದೋಲನದಲ್ಲಿ ತೂಗುತ್ತದೆ, ತೋಡಿಯದ್ದು ತೀರ ಇಳಿದಿರುತ್ತದೆ. ಈ ಎರಡು ರಾಗಗಳ ನೆರಳಿರುವ ಹಾಡಿನಲ್ಲಿ ನಡುಬೆರಳು ಪೂರ್ತಿ ಎತ್ತಿಟ್ಟರೂ ನಷ್ಟವಿಲ್ಲ.

ಇನ್ನು ಸಾ ಬಿಟ್ಟು ಬೇರೆ ಸ್ವರಗಳ ಮೇಲೆ ನಿಲ್ಲುವ ಮೈನರ್‌ಗಳು. ಥಾಟ್ ಅಂದರೆ ರಾಗಗಳಿಗೆ ಆಧಾರವಾದ ಏಳು ಸ್ವರಗಳ ಗುಂಪು. ಬಿಲಾವಲ್ ಥಾಟಿನಲ್ಲಿ ಒಂದೂ ಕೋಮಲ ಸ್ವರವಿಲ್ಲ, ಆದರೂ ಅದರೊಳಗೆ ಮೂರು ಮೈನರ್ ಇವೆ: ರೇ-ಮ-ಧ, ಗ-ಪ-ನಿ, ಧ-ಸಾ-ಗ. ‘ಮೈನರ್ ಅಂದ್ರ ಕೋಮಲ ಗ’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಕಾರ್ಡಿನ ಕೆಳಗಿನ ಸ್ವರವನ್ನು ಆ ಹೊತ್ತಿಗೆ ಸಾ ಎಂದುಕೊಂಡು ನೋಡಿದರೆ ಅದರ ಮುಂದಿನದು ಮೂರು ಹೆಜ್ಜೆಯಲ್ಲಿದೆ, ಅಷ್ಟೇ. ಗಾಯಕರು ಶುದ್ಧ ಗ ಮೇಲೆ ನಿಂತಿದ್ದಾರೆ ಎನ್ನಿ. ಕೆಳಗೆ ಸಾ-ಗ-ಪ ಹಿಡಿದರೆ ಅವರ ಗ ಕಾರ್ಡಿನ ನಡುವಿನ ಸ್ವರ. ಧ-ಸಾ-ಗ ಹಿಡಿದರೆ ಅದೇ ಗ ತುದಿಯ ಪಂಚಮ. ಗ-ಪ-ನಿ ಹಿಡಿದರೆ ಅದೇ ತಳ. ಕೊರಳು ಅಲುಗಿಲ್ಲ, ಅದರ ಬಣ್ಣ ಮೂರು ಸಲ ಬದಲಾಯಿತು. ಭೂಪದ ಧಾಟಿಯ ಭಾವಗೀತೆಗಳಲ್ಲಿ ಪಲ್ಲವಿಗೆ ಸಾ ಮೇಜರ್, ಚರಣದ ಮೊದಲ ಸಾಲಿಗೆ ಧ ಮೈನರ್ ಇಟ್ಟರೆ ರಾಗದಲ್ಲಿಲ್ಲದ ಒಂದೂ ಸ್ವರ ಮುಟ್ಟದೆ ಹಾಡು ಬೇರೆ ಕೋಣೆಗೆ ಹೋಗಿ ಬರುತ್ತದೆ. ಗ-ಪ-ನಿ ಮಾತ್ರ ಭೂಪಕ್ಕೆ ಬೇಡ, ಆ ರಾಗದಲ್ಲಿ ನಿಷಾದವಿಲ್ಲ.

ಕಾಫಿ ಥಾಟಿನಲ್ಲಿ ಸಾ, ರೇ, ಪ ಮೈನರ್ ಆಗುತ್ತವೆ, ಆಸಾವರಿಯಲ್ಲಿ ಸಾ, ಮ, ಪ. ಕಾಫಿಯಲ್ಲಿ ಮ ಮೇಜರ್, ಆಸಾವರಿಯಲ್ಲಿ ಮ ಮೈನರ್, ಏಕೆಂದರೆ ಧ ಶುದ್ಧವೋ ಕೋಮಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಬೆರಳಿಗೂ ಇದು ಸುಲಭ. ಸಾ-ಗ-ಪ ಹಿಡಿದ ಕೈಯಲ್ಲಿ ಹೆಬ್ಬೆರಳು ಸಾ ಮೇಲೇ ಇರಲಿ, ಉಳಿದ ಎರಡು ಬೆರಳು ಮ ಮತ್ತು ಧ ಕಡೆ ಸರಿದರೆ ಮ ಕಾರ್ಡ್ ಸಿಗುತ್ತದೆ. ಕೈ ಎತ್ತಿ ಹೊಸದಾಗಿ ಇಟ್ಟರೆ ನಡುವೆ ಗಾಳಿ ಕಡಿದು ತೇಪೆ ಹಚ್ಚಿದಂತೆ ಕೇಳಿಸುತ್ತದೆ. ಅಂದಹಾಗೆ, ಮೈನರ್ ಅಂದರೆ ಅಳು ಎಂದು ನಂಬಿದವರು ಹೋಳಿಯ ಹಾಡು ನೆನೆಸಿಕೊಳ್ಳಲಿ. ಹೋರಿ ಎಂಬ ಆ ಹೋಳಿ ಹಾಡಿಗೂ ಕಾಫಿ ರಾಗಕ್ಕೂ ಹಳೆಯ ನಂಟು, ಕೋಮಲ ಗಂಧಾರ ಹಿಡಿದೇ ಬಣ್ಣ ಎರಚುತ್ತಾರೆ.

ಗಿಟಾರ್, ಕೀಬೋರ್ಡ್ ಕಲಿತು ಬಂದವರು ಇಲ್ಲಿ ಒಂದು ಅಭ್ಯಾಸ ತರುತ್ತಾರೆ, ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಮೈನರ್ ಹಾಡಿನಲ್ಲಿ ಸಾಕ್ಕೆ ಮರಳುವ ಮುಂಚೆ ಪ ಮೇಜರ್ ಬಾರಿಸುವುದು, ಎ ಮೈನರ್‌ಗೆ ಇ ಮೇಜರ್. ಅದರಲ್ಲಿ ಶುದ್ಧ ನಿ ಇದೆ. ಕೀರವಾಣಿಯಲ್ಲಿ, ಪಟದೀಪದಲ್ಲಿ ಶುದ್ಧ ನಿ ರಾಗದ್ದೇ, ಅಲ್ಲಿ ಚೆನ್ನಾಗಿ ಕೂರುತ್ತದೆ. ಭೀಮಪಲಾಸದಲ್ಲಿ ಗಾಯಕರು ಕೋಮಲ ನಿ ಹಿಡಿದು ಎಳೆಯುತ್ತಿರುವಾಗ ಕೆಳಗಿನಿಂದ ಶುದ್ಧ ನಿ ಬಂದು ಗುದ್ದಿದರೆ ಹಾಡುವವರು ತಿರುಗಿ ನೋಡದೆ ಇರುವುದಿಲ್ಲ. ಅಲ್ಲಿ ಪ ಮೈನರ್ ಅಥವಾ ಕೋಮಲ ನಿ ತಳದ ಮೇಜರ್, ಅಂದರೆ ನಿ-ರೇ-ಮ ಇಡಬೇಕು. ಭೀಮಪಲಾಸದ ಆರೋಹದಲ್ಲಿ ರೇ, ಧ ಎರಡೂ ಇಲ್ಲ. ಆದ್ದರಿಂದ ಹಾಡು ಮೇಲೇರುವಾಗ ಈ ಕಾರ್ಡುಗಳನ್ನೂ ತಡೆದು, ಇಳಿಯುವ ಸಾಲಿಗೆ ಉಳಿಸಿಕೊಂಡರೆ ರಾಗದ ಮುಖ ಕೆಡುವುದಿಲ್ಲ.

ಎಲ್ಲಕ್ಕಿಂತ ಕಣ್ಣು ತೆರೆಸುವುದು ಮಾಲಕಂಸ. ಸಾ, ಕೋಮಲ ಗ, ಮ, ಕೋಮಲ ಧ, ಕೋಮಲ ನಿ. ಗಂಧಾರ ಕೋಮಲ ನೋಡಿ ಎಲ್ಲರೂ ಕಣ್ಣು ಮುಚ್ಚಿ ಸಾ ಮೈನರ್ ಹಿಡಿಯುತ್ತಾರೆ. ಆದರೆ ಸಾ ಮೈನರ್‌ಗೆ ಪಂಚಮ ಬೇಕು, ಮಾಲಕಂಸದಲ್ಲಿ ಪಂಚಮವೇ ಇಲ್ಲ. ಮೊದಲ ಕಾರ್ಡಿಗೇ ರಾಗ ಮುರಿಯಿತು. ರಾಗದೊಳಗಿನ ಐದು ಸ್ವರಗಳಿಂದ ಸಿಗುವ ಮೈನರ್ ಒಂದೇ, ಮ-ಧ-ಸಾ. ಮಧ್ಯಮದಿಂದ ಕೋಮಲ ಧೈವತಕ್ಕೆ ಮೂರು ಹೆಜ್ಜೆ, ಅಲ್ಲಿಂದ ಸಾಕ್ಕೆ ನಾಲ್ಕು. ಮೇಜರ್ ಕೂಡ ಒಂದೇ, ಧ-ಸಾ-ಗ. ತಂಬೂರಿಯ ಮೊದಲ ತಂತಿಯೂ ಇಲ್ಲಿ ಮಧ್ಯಮಕ್ಕೇ ಕೂಡಿರುತ್ತದೆ. ಮ ತಳವಾದ ಮೈನರ್ ಅನ್ನು ಬಹಳ ಹೊತ್ತು ಹಿಡಿದರೆ ತಂಬೂರಿಯೂ ಸೇರಿಕೊಂಡು ಕಿವಿ ಮಧ್ಯಮವನ್ನೇ ಸಾ ಎಂದು ನಂಬತೊಡಗುತ್ತದೆ. ಹೊಸಬ ಗಾಯಕರು ಸಾಕ್ಕೆ ಬರುವಾಗ ತಡವರಿಸುವುದು ಇಲ್ಲೇ. ಅದಕ್ಕೆ ಮ-ಧ-ಸಾ ಹಿಡಿಯುವಾಗ ಮ ಕೆಳಗಿಡದೆ ಸಾ ಕೆಳಗಿಟ್ಟು ಸಾ-ಮ-ಧ ಎಂದು ತಿರುಗಿಸಿ ನುಡಿಸಬೇಕು. ಸಮದ (ತಾಳದ ಮೊದಲ ಮಾತ್ರೆಯ) ಮೇಲೆ ಬರಿ ಸಾ-ಮ ಇದ್ದರೆ ಇನ್ನೂ ಸುರಕ್ಷಿತ.

ತಿರುಗಿಸಿ ಹಿಡಿಯುವುದರಲ್ಲೂ ಜಾಗ್ರತೆ ಬೇಕು. ಸಾ-ಗ-ಪ ಕಾರ್ಡನ್ನು ಗ-ಪ-ಸಾ ಎಂದು ಹಿಡಿದರೆ ತಳದಲ್ಲಿ ಕೋಮಲ ಗ ಕೂತಿತು. ಅದರಿಂದ ಪಕ್ಕೆ ನಾಲ್ಕು ಹೆಜ್ಜೆ, ಅಂದರೆ ಮೇಜರ್ ಅಂತರ. ತಂಬೂರಿ ಇಲ್ಲದಿದ್ದರೆ ಕಿವಿ ಅದನ್ನು ಮೇಜರ್ ಎಂದೇ ಓದುತ್ತದೆ, ಮೇಲಿನ ಸಾ ಅದಕ್ಕೆ ಧೈವತದಂತೆ ಕೇಳಿಸುತ್ತದೆ. ಬಾಸ್ ಗಿಟಾರಿನವರೋ ಕೀಬೋರ್ಡಿನ ಎಡಗೈಯೋ ಕೆಳಗೆ ಸಾ ಹಿಡಿದಿದ್ದರೆ ಮಾತ್ರ ಈ ತಿರುವು ಬಳಸಿ.

ಪೇಟಿಯ ಯಂತ್ರದ ಕಡೆಗೆ ಒಂದೆರಡು ಮಾತು. ಕಾರ್ಡ್ ಹಿಡಿಯುವಾಗ ಕಪ್ಲರ್ (ಒತ್ತಿದ ಮನೆಯ ಜೊತೆ ಇನ್ನೊಂದು ಸಪ್ತಕದ ಅದೇ ಮನೆಯನ್ನೂ ಒತ್ತಿಸುವ ಜೋಡಣೆ) ಎಳೆದಿರಬಾರದು. ಎರಡು ಸಾಲು ರೀಡಿನ ಪೇಟಿಯಲ್ಲಿ ಕಪ್ಲರ್ ಹಾಕಿ ಮೂರು ಬೆರಳು ಒತ್ತಿದರೆ ಹನ್ನೆರಡು ರೀಡ್ ಒಮ್ಮೆಲೇ ನುಡಿಯುತ್ತವೆ. ತಿದಿಯ ಗಾಳಿ ಸಾಲದೆ ದನಿ ಕುಗ್ಗುತ್ತದೆ. ಖರ್ಜದ, ಅಂದರೆ ತಗ್ಗು ದನಿಯ, ರೀಡ್ ಸಾಲು ತೆರೆದಿದ್ದರೆ ಮಂದ್ರದಲ್ಲಿ ಸಾ ಮತ್ತು ಕೋಮಲ ಗ ಒತ್ತೊತ್ತಾಗಿ ಕೂತು ಗೊರಗೊರ ಎನ್ನುತ್ತವೆ. ಮಂದ್ರದಲ್ಲಿ ಸಾ-ಪ ಇಟ್ಟು, ಗ ಬೇಕಾದರೆ ಒಂದು ಸಪ್ತಕ ಮೇಲೆ ಇಡಬೇಕು. ಕೈಪೇಟಿಯಲ್ಲಿ ಒಂದು ಕೈ ತಿದಿಗೆ ಹೋಗುವುದರಿಂದ ಇದು ಕಷ್ಟ. ಕಂಪನಿ ನಾಟಕದ ಕಾಲುಪೇಟಿಯಲ್ಲಿ ಎರಡೂ ಕೈ ಬಿಡುವಿರುತ್ತವೆ, ಎಡಗೈಗೆ ಸಾ-ಪ, ಬಲಗೈಗೆ ಹಾಡು. ಅಂಥದ್ದು ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಕಾರ್ಡ್ ಬದಲಿಸುವ ಜಾಗ ತಾಳದಲ್ಲಿದೆ. ಕೆಹರವಾದ ಎಂಟು ಮಾತ್ರೆಗೆ ಒಂದನೆಯದರಲ್ಲಿ, ಹೆಚ್ಚೆಂದರೆ ಐದನೆಯದರಲ್ಲಿ. ದಾದ್ರಾದ ಆರಕ್ಕೆ ಒಂದು ಮತ್ತು ನಾಲ್ಕರಲ್ಲಿ. ಸ್ವರ ಬದಲಾದಾಗಲೆಲ್ಲ ಕಾರ್ಡ್ ಬದಲಿಸಿದರೆ ಹಾಡು ಮೆಟ್ಟಿಲಿಳಿದಂತೆ ಧಡಧಡ ಎನ್ನುತ್ತದೆ, ಮೀಂಡ್ ಇರುವ ಸಾಲಂತೂ ಸತ್ತೇಹೋಗುತ್ತದೆ.

ಗಿಟಾರಿನವರೊಂದಿಗೆ ಹೊಂದಿಸುವುದು ಕಷ್ಟವಲ್ಲ. ಅವರಿಗೂ ಬದಲಾಗುವುದು ಒಂದೇ ಬೆರಳು. ಇ ಮೇಜರ್‌ನಲ್ಲಿ ಮೂರನೆಯ ತಂತಿಯ ಮೊದಲ ಫ್ರೆಟ್ ಮೇಲಿನ ಬೆರಳು ಎತ್ತಿದರೆ ಇ ಮೈನರ್. ಎ ಮೇಜರ್‌ನಲ್ಲಿ ಎರಡನೆಯ ತಂತಿ ಎರಡನೆಯ ಫ್ರೆಟ್‌ನಿಂದ ಒಂದಕ್ಕೆ ಇಳಿದರೆ ಎ ಮೈನರ್. ಡಿಯಲ್ಲಿ ಮೊದಲ ತಂತಿ ಎರಡರಿಂದ ಒಂದಕ್ಕೆ. ಪಟ್ಟಿ ಹೊಂದಿಸಲು ಕೇಪೋ, ಅಂದರೆ ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್ಪು: ಕಪ್ಪು ಒಂದಕ್ಕೆ ನಾಲ್ಕನೆಯ ಫ್ರೆಟ್‌ನಲ್ಲಿ ಕೇಪೋ, ಎ ಮೈನರ್ ಹಿಡಿತ. ಕಪ್ಪು ಎರಡಕ್ಕೆ ಮೊದಲ ಫ್ರೆಟ್, ಡಿ ಮೈನರ್ ಹಿಡಿತ. ಕಪ್ಪು ನಾಲ್ಕಕ್ಕೆ ನಾಲ್ಕನೆಯ ಫ್ರೆಟ್, ಇ ಮೈನರ್ ಹಿಡಿತ. ಕಪ್ಪು ಐದಕ್ಕೆ ಮೊದಲ ಫ್ರೆಟ್, ಎ ಮೈನರ್ ಹಿಡಿತ. ಡಿ ಹಿಡಿತದಲ್ಲಿ ದಪ್ಪ ಆರನೆಯ ತಂತಿ ತಗುಲಬಾರದು, ಅದು ತಳಕ್ಕೆ ರೇ ತಂದಿಡುತ್ತದೆ. ಇನ್ನೊಂದು ಮೋಜಿನ ಸಂಗತಿ: ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎತ್ತರವಿರುವ ಅಗ್ಗದ ಗಿಟಾರ್‌ನಲ್ಲಿ ಮೊದಲ ಫ್ರೆಟ್ ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುತ್ತದೆ. ಎ ಮೈನರ್‌ನ ಕೋಮಲ ಗ ಆ ಫ್ರೆಟ್‌ನಲ್ಲೇ ಇರುವುದರಿಂದ 300ರಿಂದ 316ರ ಕಡೆ ಸರಿದು ಹಿತವಾಗುತ್ತದೆ. ಇ ಮೇಜರ್‌ನ ಶುದ್ಧ ಗ ಕೂಡ ಅದೇ ಫ್ರೆಟ್, ಮೊದಲೇ ಏರಿದ್ದದ್ದು ಇನ್ನೂ ಏರಿ ಕೆಡುತ್ತದೆ. ಟ್ಯೂನರ್‌ನಲ್ಲಿ ಬಿಡಿ ತಂತಿಗಳೆಲ್ಲ ಸರಿ ತೋರಿಸಿ ಒಂದು ಕಾರ್ಡ್ ಮಾತ್ರ ಕೆಟ್ಟು ಕೇಳಿದರೆ ನಟ್ ನೋಡಿಸಬೇಕು.

ಕೊನೆಗೆ, ಎರಡೂ ಗಂಧಾರ ಇರುವ ರಾಗಗಳು. ಜೋಗದಲ್ಲಿ ಹತ್ತುವಾಗ ಶುದ್ಧ ಗ, ಸಾಕ್ಕೆ ಇಳಿಯುವಾಗ ಕೋಮಲ ಗ. ಮೇಜರ್ ಹಿಡಿಯಬೇಕೋ ಮೈನರ್ ಹಿಡಿಯಬೇಕೋ ಎಂದು ಎರಡನ್ನೂ ಹೊಯ್ದಾಡಿಸುವುದಕ್ಕಿಂತ ಸಾ-ಪ ಹಿಡಿದು, ಅದರ ಮೇಲೆ ಕೋಮಲ ನಿ ಸೇರಿಸಿ ನಿಲ್ಲಬೇಕು. ಗಾಯಕರು ಕೋಮಲ ಗದಿಂದ ಸಾಕ್ಕೆ ಜಾರಿ ಬಂದು ಸಾ ಮೇಲೆ ನಿಂತ ಮೇಲೆ ಒಂದು ಮಾತ್ರೆ ತಡೆದು ನಡುಬೆರಳು ಮುಟ್ಟಿಸಿದರೆ ಸಾಕು.